ನರಿರಾಜನ ತೋಳು

"ಹೆಂಡತೀನ ಎತ್ತಿಕೊಳ್ಳೋಕೆ ಆಗದೋನು ಗಂಡಸೇ ಅಲ್ಲ" ಎಂದು ಕಿಯೊಹಾರು ಆ ಭಾನುವಾರ ಬೆಳಿಗ್ಗೆ ಘೋಷಿಸಿದ. ಘೋಷಿಸಬಾರದಿತ್ತು. ಹದಿನೆಂಟು ವರ್ಷದಿಂದ ಜಪಾನಿನ ಬಂದರೂರು ಶಿಯೊಗಾಮಾದಲ್ಲಿ ಜನನ-ಮರಣದ ದಾಖಲೆ ಬರೆಯುತ್ತಿದ್ದ ಅವನು ಕಚೇರಿಯ ಮುದ್ರೆಗಿಂತ ಭಾರವಾದದ್ದನ್ನು ಎತ್ತಿದವನೇ ಅಲ್ಲ.

ಅವನ ಹೆಂಡತಿ ಮಿನೋರಿ ಹುಡುಗಿಯರ ಮಾಸಪತ್ರಿಕೆಗೆ ಮಂಗಾ ಚಿತ್ರಕಥೆ ಬರೆಯುವವಳು. ಅವಳ ಕಥೆಯಲ್ಲಿ ಸಾವಿರ ವರ್ಷದ ನರಿರಾಜನೊಬ್ಬ ಶಾಲಾ ಹುಡುಗಿಯನ್ನು ಪ್ರೀತಿಸುತ್ತಾನೆ. ಈ ಕಂತಿನಲ್ಲಿ ಅವಳನ್ನು ತೋಳಲ್ಲೆತ್ತಿಕೊಂಡು ದೇವಲೋಕದಿಂದಲೇ ಓಡಿಹೋಗಬೇಕು. ಆದರೆ ಚಿತ್ರದಲ್ಲಿ ತೋಳು ಸರಿಬರುತ್ತಿಲ್ಲ. ಸಂಪಾದಕಿ ಎರಡು ಸಲ ತಿರುಗಿಸಿ ಕಳಿಸಿದ್ದಳು. "ಇವನು ಹುಡುಗೀನ ಹೊತ್ತಿಲ್ಲ, ಒಗೆದ ಬಟ್ಟೆ ಹೊತ್ತಿದಾನೆ. ನಾಳೆ ಮಧ್ಯಾಹ್ನಕ್ಕೆ ಬರಲಿಲ್ಲ ಅಂದ್ರೆ ಆ ಜಾಗ ಬೇರೆಯವರಿಗೆ."

ಅವಳು ನೋಡಿ ಬರೆಯಲೆಂದು ಕಿಯೊಹಾರು ಯುಕಾತಾ ನಿಲುವಂಗಿ ತೊಟ್ಟು, ತಲೆಗೆ ರಟ್ಟಿನ ನರಿಕಿವಿ ಸಿಕ್ಕಿಸಿ ಸಜ್ಜಾದ. ಮಿನೋರಿ ಫೋನನ್ನು ಅನ್ನದ ಕುಕ್ಕರಿಗೆ ಆನಿಸಿ, ಹತ್ತು ಸೆಕೆಂಡಿಗೆ ಫೋಟೋ ತೆಗೆಯುವಂತೆ ಮಾಡಿ ಓಡಿಬಂದಳು.

"ಮುಖದಲ್ಲಿ ಸಾವಿರ ವರ್ಷದ ವಿರಹ ಇರ್ಲಿ ರೀ."

"ಇದೆ. ನೀನು ಬಾ."

ಎತ್ತಿದ. ಐದನೆಯ ಸೆಕೆಂಡಿಗೆ ಮುಖದ ಮೇಲೆ ಎರಡು ಸಾವಿರ ವರ್ಷದ ವಿರಹ ಕಾಣಿಸಿತು. ಏಳನೆಯದಕ್ಕೆ ಸೊಂಟ 'ಕಟಕ್' ಎಂದಿತು. ದೇವಲೋಕವೂ ಮನುಷ್ಯಲೋಕವೂ ಒಟ್ಟಿಗೆ ಊಟದ ಮೇಜಿನ ಮೇಲೆ ಕುಸಿದವು, ಕಿತ್ತಳೆಗಳು ದಿಕ್ಕಾಪಾಲಾದವು.

ಸದ್ದಿಗೆ ತಾಯಿ ತೊಮೆ ಒದ್ದೆಗೈಯಲ್ಲೇ ಬಂದಳು. ಎಪ್ಪತ್ತೊಂದರ ಮುದುಕಿ, ನಲವತ್ತು ವರ್ಷ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊತ್ತವಳು.

"ಏನೋ ಇದು?"

"ಪ್ರೇಮ ಕಣಮ್ಮಾ" ಎಂದು ನರಳಿದ ಮಗ.

"ಪ್ರೇಮ ಇಷ್ಟು ನರಳುತ್ತಾ?" ಎಂದವಳು ಸೊಸೆಯ ಕಣ್ಣಲ್ಲಿ ನೀರು ಕಂಡು ಪಕ್ಕದಲ್ಲಿ ಕೂತಳು. ನಾಳೆಯ ಮಧ್ಯಾಹ್ನದ ಸಂಗತಿಯನ್ನೆಲ್ಲ ಕೇಳಿಕೊಂಡಳು. ಆಮೇಲೆ ಮಗನ ತಲೆಯಿಂದ ಕಿವಿ ಕಿತ್ತು ತನ್ನ ತಲೆಗೇರಿಸಿ, ಅಂಗಿಯ ತೋಳು ಮಡಚಿದಳು. "ಟ್ಯೂನಾ ಮೀನು ಎತ್ತಿದ ಹಾಗೆ ಎತ್ತಲಾ?"

"ಸ್ವಲ್ಪ ಪ್ರೀತಿಯಿಂದ ಅತ್ತೆ."

"ಟ್ಯೂನಾನೂ ಪ್ರೀತಿಯಿಂದಲೇ ಎತ್ತೋದು ಕಣೆ" ಎಂದವಳೇ ಮಿನೋರಿಯನ್ನು ಹತ್ತಿಯ ಮೂಟೆಯಂತೆ ಎತ್ತಿ, ಹದಿನಾಲ್ಕು ಫೋಟೋ ಮುಗಿಯುವವರೆಗೂ ಇಳಿಸಲಿಲ್ಲ. ಕಿಯೊಹಾರು ನೋವಿನ ಪಟ್ಟಿ ಅಂಟಿಸಿಕೊಂಡು ಮಲಗಿದಲ್ಲಿಂದಲೇ ನೋಡಿದ.

ಕಂತು ಅಚ್ಚಾಯಿತು. ನರಿರಾಜನ ತೋಳಿಗೆ ಓದುಗಿಯರು ಮರುಳಾದರು. 'ಆ ತೋಳಿನ ಗಂಡಸು ಎಲ್ಲಿದ್ದಾನೆ?' ಎಂದು ಪತ್ರಗಳು ಬಂದವು. ಕಚೇರಿಯ ಹುಡುಗಿ ನಾಗಿಸಾ ಅದೇ ಪುಟ ಬಿಡಿಸಿ ನಿಟ್ಟುಸಿರಿಟ್ಟಾಗ ಕಿಯೊಹಾರುವಿಗೆ ತಡೆಯಲಾಗಲಿಲ್ಲ. ಕೆಮ್ಮಿ ಹೇಳಿದ, "ಆ ಭಂಗಿಗೆ ನಿಂತಿದ್ದು ನಾನೇ."

ನಿಂತಿದ್ದು ನಿಜ. ಏಳು ಸೆಕೆಂಡು.

ಮುಂದಿನ ಭಾನುವಾರ ನಾಗಿಸಾ ಪತ್ರಿಕೆ ಹಿಡಿದು ಸಹಿಗೆಂದು ಮನೆಗೇ ಬಂದಳು. ಬಾಗಿಲು ತೆರೆದವಳು ತೊಮೆ. ಬಗಲಲ್ಲಿ ಮೂವತ್ತು ಕೆ.ಜಿ. ಅಕ್ಕಿ ಮೂಟೆ. ನಾಗಿಸಾ ಪುಟ ನೋಡಿದಳು, ಮೂಟೆ ಹಿಡಿದ ತೋಳು ನೋಡಿದಳು, ಮತ್ತೆ ಪುಟ ನೋಡಿದಳು. ಹೊರಗಿನಿಂದ ಬಂದು ನಾಗಿಸಾಳ ಬೆನ್ನ ಹಿಂದೆ ನಿಂತ ಕಿಯೊಹಾರು ತಾಯಿಗೆ ಕಣ್ಣಲ್ಲೇ ಕೈಮುಗಿದ.

"ಇದು... ನೀವಾ ಅಮ್ಮಾ?" ಎಂದಳು ನಾಗಿಸಾ.

ತೊಮೆ ಮೂಟೆಯನ್ನು ನಿಧಾನವಾಗಿ ಇಳಿಸಿ, ಕೈ ಒರೆಸಿಕೊಂಡು ಮಗನತ್ತ ತಿರುಗಿದಳು.

"ಸಹಿ ಹಾಕೋಕೆ ಒಂದು ಪೆನ್ನಾದ್ರೂ ಎತ್ತಿ ಕೊಡ್ತೀಯೇನಪ್ಪಾ, ಇಲ್ಲಾ ಅದಕ್ಕೂ ಸೊಂಟ ಹಿಡಿಯುತ್ತಾ?"