ಒಂದು ಕಂಪ್ಯೂಟರಿನ ನಾಲ್ಕು ಸಂಸಾರ

ಕರೆಂಟು ಹೋಗಬಹುದಿತ್ತು. ಹೋಗದೆ ಡಿಮ್ ಆಗಿ ಇನ್ನೂ ಹೆಚ್ಚು ಕಾಡಬಹುದಿತ್ತು. ಇಲಿ ವೈರು ಕಡಿಯಬಹುದಿತ್ತು. ಕಡಿದ ಇಲಿ ಅಲ್ಲೇ ಸತ್ತು, ವಾಸನೆಗೂ ನಾನೇ ಜವಾಬ್ದಾರನಾಗಬಹುದಿತ್ತು. ಎರೆಮಣ್ಣಿನ ಧೂಳು ಯಂತ್ರದ ಹೊಟ್ಟೆ ಸೇರಬಹುದಿತ್ತು. ಹಲ್ಲಿ ಬೀಳಬಹುದಿತ್ತು. ಬಾಜುವಿನ ಹಿಟ್ಟಿನ ಗಿರಣಿ ಚಾಲೂ ಆದ ಕೂಡಲೇ ನಮ್ಮ ವೋಲ್ಟೇಜು ನೆಲಕಚ್ಚಬಹುದಿತ್ತು. ಬೀಜದ ಕೌಂಟರಿನ ಹಿರೇಮಠ ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡು ನಕ್ಕರೆ ಪರದೆಯ ಹಸಿರು ಅಕ್ಷರಗಳು ಕೆಂಪಗಾಗಬಹುದಿತ್ತು.

ಇದೆಲ್ಲವನ್ನೂ ನಾನು ಮೊದಲೇ ಯೋಚಿಸಿಟ್ಟಿದ್ದೆ. ಚಿಂತೆ ಮಾಡುವುದೇ ನನ್ನ ನಿಜವಾದ ಉದ್ಯೋಗ. ಸಂಬಳವನ್ನು ಮಾತ್ರ ಲೆಕ್ಕಿಗನ ಹೆಸರಿನಲ್ಲಿ ಪಡೆಯುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ಅಣ್ಣಿಗೇರಿಯ ನಮ್ಮ ಸೊಸೈಟಿ ರೈತರಿಗೆ ಬೀಜ, ಗೊಬ್ಬರ ಹಂಚುವ ಸಂಸ್ಥೆ. ಅದಕ್ಕೊಂದು ಕಂಪ್ಯೂಟರು ಬಂತು. ಬಂದದ್ದು ಪರೀಕ್ಷೆಗೆಂದು. ದಸರೆ ಮುಗಿದ ಮೇಲೆ ಹಿಂಗಾರಿ ಬೀಜದ ಹಂಚಿಕೆ ಶುರುವಾಗುವ ದಿನ ಅದು ಸರಿಯಾಗಿ ಚೀಟಿ ಕೊಟ್ಟರೆ ನಮ್ಮದು. ಕೊಡದಿದ್ದರೆ ನವಲಗುಂದದ ಶಾಖೆಯದು. ಅದರ ಹಿಂದೆ ನನ್ನ ಸುಖವೂ ಹೊರಡುತ್ತಿತ್ತು. ಏಕೆಂದರೆ ಕಂಪ್ಯೂಟರಿಗಾಗಿ ಕಟ್ಟಿಸಿದ ಒಳಕೋಣೆಯಲ್ಲಿ ಸೀಲಿಂಗ್ ಫ್ಯಾನು, ಕುಶನ್ ಕುರ್ಚಿ, ಬಾಗಿಲಿಗೆ ಕೀಲಿ ಇದ್ದವು. ಅದಕ್ಕೂ ಮೊದಲು ನನ್ನ ಮೇಜು ಇದ್ದದ್ದು ಗೋದಾಮಿನ ಗೊಬ್ಬರದ ಚೀಲಗಳ ನಡುವೆ. ಅಲ್ಲಿ ಕೂತರೆ ನನಗೆ ಸೀನು ನಿಲ್ಲುವುದಿಲ್ಲ. ಈ ಬರಹವನ್ನು ಸೀನುತ್ತಲೇ ಬರೆಯುತ್ತಿದ್ದೇನೆ. ಆದ್ದರಿಂದ ಫಲಿತಾಂಶವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹುಬ್ಬಳ್ಳಿಗೆ ಹೋಗಿ ತರಬೇತಿ ಪಡೆದು ಬಂದಿದ್ದ ಒಬ್ಬನೇ ಒಬ್ಬ ವಿದ್ವಾಂಸ ನಾನು. ನಾನು ಕಲಿತದ್ದರ ಸಾರ ಇಷ್ಟು: ಕಂಪ್ಯೂಟರು ಇರುವುದು ಒಂದೇ. ಒಳಕೋಣೆಯ ಪೆಟ್ಟಿಗೆಯೇ ಅದು. ಹೊರಗೆ ನಾಲ್ಕು ಮೇಜುಗಳ ಮೇಲೆ ನಾಲ್ಕು ಪರದೆಗಳು. ಪೆಟ್ಟಿಗೆ ತನ್ನ ಹೊತ್ತನ್ನು ಚೂರು ಚೂರು ಮಾಡಿ ನಾಲ್ವರಿಗೂ ಹಂಚುತ್ತದೆ. ಪ್ರತಿಯೊಬ್ಬನೂ ಇಡೀ ಕಂಪ್ಯೂಟರು ತನ್ನದೇ ಎಂದು ತಿಳಿದು ಸುಖವಾಗಿರುತ್ತಾನೆ.

"ಕೂಡು ಕುಟುಂಬ ಇದ್ಧಂಗ," ಎಂದು ಸಿಬ್ಬಂದಿಗೆ ಉಪನ್ಯಾಸ ಕೊಟ್ಟೆ. "ಒಲಿ ಒಂದ, ಸೊಸಿಗೋಳು ನಾಕು. ಒಬ್ಬಾಕಿ ಬ್ಯಾಳಿಗೆ ನೀರು ಹಾಕೂದ್ರಾಗ ಇನ್ನೊಬ್ಬಾಕಿ ರೊಟ್ಟಿ ಬಡೀತಾಳ. ಯಾರಿಗೂ ತಡಾ ಆಗಿದ್ದು ಗೊತ್ತಾಗಂಗಿಲ್ಲ. ಅತ್ತಿ ಕೂತು ಪಾಳಿ ಹಂಚತಾಳ."

"ಅತ್ತಿ ಯಾರ್ರಿ ಇದರಾಗ?" ಎಂದ ಹಿರೇಮಠ.

"ನಾನು."

"ಹಂಗಾರ ಮನಿ ಒಡದಂಗ ಬಿಡ್ರಿ."

ಮನೆಯಲ್ಲೂ ಇದೇ ಉಪನ್ಯಾಸ ಕೊಟ್ಟೆ. ಶಾಂತಾ ಸೌತೆಕಾಯಿ ಹೆಚ್ಚುತ್ತಾ ಕೇಳಿದಳು. "ಮನ್ಯಾಗಿನ ಒಂದು ಸ್ಟೋ ಹಚ್ಚಲಿಕ್ಕೆ ಬರೂದಿಲ್ಲ ನಿಮಗ. ಅಲ್ಲೆ ನಾಕು ಸಂಸಾರ ನಡಸತೀರೇನು?" ಎಂದಳು. ಹೆಂಡತಿಯರಿಗೆ ತಂತ್ರಜ್ಞಾನ ಅರ್ಥವಾಗುವುದಿಲ್ಲ ಎಂದುಕೊಂಡೆ.

ಅತ್ತೆಯ ಅಧಿಕಾರವನ್ನು ನಾನು ಕರ್ತವ್ಯನಿಷ್ಠೆಯಿಂದ ಚಲಾಯಿಸಿದೆ. ಯಾರ ಪರದೆ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡುವ ಒಂದು ಆಜ್ಞೆ ನನಗೆ ಗೊತ್ತಿತ್ತು. ಅದನ್ನು ಹೊಡೆದು ನೋಡಿ, ಹೊರಗೆ ಬಂದು, "ಹಿರೇಮಠರ, ಬಾಳ ಹೊತ್ತಾತು ಒಂದು ಅಕ್ಷರಾನೂ ಒತ್ತಿಲ್ಲ ನೀವು," ಎನ್ನುತ್ತಿದ್ದೆ. ನನ್ನ ಬಳಿ ಉಪಕರಣಗಳ ದಂಡೇ ಇತ್ತು: ವೋಲ್ಟೇಜು ಕಾಯುವ ಸ್ಟೆಬಿಲೈಸರು, ಧೂಳು ಹೊಡೆಯಲು ಬಣ್ಣದವರ ಬ್ರಷ್ಷು, ಇಲಿಯ ಬೋನು, ಹಲ್ಲಿಗೆ ನವಿಲುಗರಿ. ಬಾಗಿಲ ಮೇಲೆ ಫಲಕ: 'ಯಂತ್ರದ ಮೇಲೆ ಯಾರೂ ಏನನ್ನೂ ಇಡಕೂಡದು. ಅಪ್ಪಣೆಯ ಮೇರೆಗೆ.' ಅಪ್ಪಣೆ ನನ್ನದೇ.

ಬೀಜಕ್ಕೊಂದು, ಗೊಬ್ಬರಕ್ಕೊಂದು, ನಗದಿಗೊಂದು ಪರದೆ. ನಾಲ್ಕನೆಯದು ಅಧ್ಯಕ್ಷರಾದ ಗೌಡರ ಕೋಣೆಗೆ ಹೋಯಿತು.

"ಅದರಾಗ ಏನ್ ಕೆಲಸ ಮಾಡ್ತೀರಿ ಗೌಡ್ರ?" ಎಂದು ಕೇಳಿದ್ದೆ.

"ನಾ ಎದರಾಗ ಕೆಲಸ ಮಾಡೇನಿ, ಇದರಾಗ ಮಾಡಾಕ? ಬಂದವ್ರಿಗೆ ಕಾಣಬೇಕಲೇ ಕುಲಕರ್ಣಿ."

ಹಾಗಾಗಿ ಆ ಪರದೆ ಅವರ ಹೆಸರನ್ನು ಮಿಣುಕಿಸುವ ಒಂದೇ ಕೆಲಸ ಮಾಡುತ್ತಿತ್ತು. ಸಂಸ್ಥೆಯ ಸಂಪ್ರದಾಯದಂತೆ, ಏನೂ ಮಾಡದವರಿಗೆ ಮೊದಲ ಪಾಳಿ ಕೊಟ್ಟಿದ್ದೆ.

ದಸರೆ ಬಂತು. ಖಂಡೇ ಪೂಜೆಯ ದಿನ, ಎಂದರೆ ಆಯುಧ ಪೂಜೆಗೆ, ಯಂತ್ರವನ್ನು ಬಂದ್ ಮಾಡಿ ಪೂಜೆ ಆಯಿತು. ಮಾರನೆಯ ಸಂಜೆ ಎಲ್ಲರೂ ಬನ್ನಿ ಹಿಡಿದು ಆಫೀಸಿಗೆ ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಪರಸ್ಪರ ಕೊಟ್ಟುಕೊಂಡ ಮೇಲೆ, ತಕ್ಕಡಿಗೆ, ತಿಜೋರಿಗೆ ಕೊಟ್ಟಂತೆ ಕಂಪ್ಯೂಟರಿಗೂ ಕೊಡಬೇಕಲ್ಲ? ಹಿರೇಮಠ ತನ್ನ ಪರದೆಗೆ ವಿಭೂತಿ ಎಳೆದು ಅದರ ತಲೆಯ ಮೇಲೆ ಬನ್ನಿ ಇಟ್ಟ. ಗೊಬ್ಬರದವನೂ, ನಗದಿನವನೂ ಹಾಗೆಯೇ ಮಾಡಿದರು. ನನಗೆ ನಗು ಬಂತು. ಮೂಢರು. ಕನ್ನಡಿಯೊಳಗಿನ ಗಂಟಿಗೆ ಪೂಜೆ ಮಾಡುತ್ತಿದ್ದಾರೆ. ಜೀವ ಇರುವುದು ಎಲ್ಲಿ? ಒಳಕೋಣೆಯಲ್ಲಿ. ಅದನ್ನು ಬಲ್ಲವನು ಈ ಊರಿನಲ್ಲಿ ನಾನೊಬ್ಬನೇ. ಕೀಲಿ ತೆಗೆದು ಒಳಗೆ ಹೋಗಿ, ನಿಜವಾದ ಯಂತ್ರಕ್ಕೆ ನನ್ನ ಬನ್ನಿ ಒಪ್ಪಿಸಿ, ಕೈಮುಗಿದು, ಕೀಲಿ ಹಾಕಿಕೊಂಡು ಬಂದೆ.

ಮನೆಗೆ ಬಂದರೆ ಶಾಂತಾ ಹೊಸ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದಳು.

"ನನ್ನ ಬನ್ನಿ ಎಲ್ಲದರೀ?"

"ಮುಗೀತು."

"ತಿರಗಿ ಬಂದು ನನಗ ಕೊಡ್ರಿ ಅಂತ, ಕುಂಕುಮಾ ಹಚ್ಚಿ ನನ್ನ ಪಾಲಿಂದು ಬ್ಯಾರೆ ತಗದು ಕೊಟ್ಟಿದ್ನೆಲ್ಲ? ಯಾರಿಗೆ ಕೊಟ್ರಿ?"

"ಕಂಪ್ಯೂಟರಿಗೆ."

ಅವಳು ಸಿಟ್ಟಾಗಲಿಲ್ಲ. "ಖರೇ ಅದ. ನಿಮ್ಮ ಮಾತು ಕೇಳೂದು ಅದೊಂದ," ಎಂದು ಒಳಗೆ ಹೋದಳು.

ಬೀಜದ ದಿನ ಬೆಳಗಾಗುವುದರೊಳಗೆ ರೈತರ ಪಾಳಿ ರಸ್ತೆಯವರೆಗೆ ಬೆಳೆದಿತ್ತು. ಮಳೆ ನಿಂತು ನೆಲ ಹದಕ್ಕೆ ಬಂದಿತ್ತು; ಕಡಲೆ ಬೀಜ ಇವತ್ತೇ ಬೇಕು. ಗೌಡರು ಜರಿ ರುಮಾಲು ಸುತ್ತಿ ಬಂದಿದ್ದರು. ನವಲಗುಂದದ ಮ್ಯಾನೇಜರು "ಸುಮ್ನ ನೋಡಿ ಹೋಗೂಣಂತ ಬಂದೆ" ಎನ್ನುತ್ತಾ ಟ್ರ್ಯಾಕ್ಟರಿನಿಂದ ಇಳಿದರು. ಟ್ರೇಲರಿನಲ್ಲಿ ಮೆತ್ತಗೆ ಹುಲ್ಲು ಹಾಸಿತ್ತು.

ಯಂತ್ರ ಹಚ್ಚಿದೆ. ದಿನವೂ ಗುರ್ರ್ ಎನ್ನುತ್ತಿದ್ದ ಪೆಟ್ಟಿಗೆ ಅಂದು ಎಷ್ಟು ಶಾಂತವಾಗಿತ್ತೆಂದರೆ, ಪೂಜೆಯ ಫಲ ಇಷ್ಟು ಬೇಗ ಸಿಕ್ಕಿತೇ ಎಂದು ಕಣ್ಣು ತುಂಬಿ ಬಂತು. ನಾಲ್ಕೂ ಪರದೆ ಬೆಳಗಿದವು. ಚೀಟಿಗಳು ಕಿರ್ರ್ ಕಿರ್ರ್ ಎಂದು ಹೊರಬಂದವು. ಗೌಡರು ಮೀಸೆ ತೀಡಿದರು. ಆಮೇಲೆ ನಾಲ್ಕೂ ಪರದೆ ಒಮ್ಮೆಲೇ ಕಲ್ಲಾದವು.

"ಗಿರಣಿ," ಎಂದೆ. ಚಿಂತೆಗಾರನಿಗೆ ಕಾರಣಗಳ ಕೊರತೆ ಇರುವುದಿಲ್ಲ. ಯಂತ್ರ ಬಂದ್ ಮಾಡಿ ಬಾಜುವಿಗೆ ಓಡಿ ಹಿಟ್ಟಿನ ಗಿರಣಿ ನಿಲ್ಲಿಸಿದೆ. ಜೋಳದ ಬುಟ್ಟಿ ಹಿಡಿದು ಕೂತಿದ್ದ ಹೆಂಗಸರು ಎದ್ದು ನಿಂತರು. "ರೊಟ್ಟಿ ನಿಮ್ಮ ಟೀವಿ ಬಡೀತದೇನ್ರಿ ಯಪ್ಪಾ?" ಎಂದಳು ಒಬ್ಬಳು. ಅವರೆಲ್ಲರಿಗೂ ಉತ್ತರ ಕೊಟ್ಟು, ಹಿಂತಿರುಗಿ ಯಂತ್ರ ಹಚ್ಚಿದರೆ ಸುರಳೀತ ನಡೆಯಿತು. "ನೋಡಿದ್ರೇನು?" ಎಂದು ಎಲ್ಲರ ಮುಖ ನೋಡಿದೆ. ನೋಡುತ್ತಿರುವಾಗಲೇ ನಿಂತಿತು.

"ಹಿರೇಮಠ," ಎಂದೆ. "ನೀವು ಬಡಬಡ ಒತ್ತತೀರಿ. ನಾಕು ಮಂದೀ ಪಾಳಿ ನೀವೊಬ್ರ ತಿಂತೀರಿ."

"ನಿನ್ನೆತನಕ ನಾ ಒತ್ತವಲ್ಲೆ ಅಂತಿದ್ರಿ."

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಅವನನ್ನು ಎಬ್ಬಿಸಿ ದೂರ ಕೂರಿಸಿ ಹಚ್ಚಿದೆ. ನಡೆಯಿತು! ನನ್ನ ಸಿದ್ಧಾಂತ ರುಜುವಾತಾಯಿತು. ರುಜುವಾತಾದದ್ದು ಊರಿಗೆ ತಿಳಿಯುವ ಮುನ್ನ ಮತ್ತೆ ನಿಂತಿತು.

ಉಳಿದದ್ದು ಗೌಡರ ಪರದೆ. ಅವರ ಅತಿಥಿಗಳ ಎದುರೇ ಕೋಣೆಗೆ ನುಗ್ಗಿ ಅವರ ಹೆಸರನ್ನು ಆರಿಸಿದೆ.

"ನನ್ನ ಹೆಸರು ಏನ್ ಮಾಡಿತ್ತಲೇ ನಿನಗ?"

"ನಿಮ್ಮ ಹೆಸರಿಂದ ಭಾರ ಬಾಳ ಆಗೇದ್ರಿ," ಎಂದೆ. ಇದನ್ನು ಇನ್ನೂ ನಯವಾಗಿ ಹೇಳಬಹುದಿತ್ತು.

ಗೌಡರು ಬೈದು ಮುಗಿಸುವಷ್ಟರಲ್ಲಿ ಯಂತ್ರ ಮತ್ತೆ ಜೀವ ತಾಳಿತ್ತು. ಅವರು ನೀರು ಕುಡಿಯುವಷ್ಟರಲ್ಲಿ ಸತ್ತಿತ್ತು.

ಪಾಳಿಯಿಂದ ಮೊರಬದ ಮುದುಕರೊಬ್ಬರು ಕೂಗಿದರು: "ಹದಾ ಹೊಂಟೈತ್ರೀ ಸಾಹೇಬ್ರ. ಭೂಮಿಗೆ ನಿಮ್ಮ ಸೊಸೈಟಿ ಹಂಗ ಪಾಳಿ ಹಚ್ಚಿ ನಿಂದ್ರಾಕ ಬರಂಗಿಲ್ಲ."

ಗೌಡರು ನನ್ನ ಕಡೆ ನೋಡಲೂ ಇಲ್ಲ. "ಹಿರೇಮಠ, ಹಳೇ ಚೀಟಿ ಪುಸ್ತಕ ತಗೀ," ಎಂದರು. ಊಟದ ಹೊತ್ತಿಗೆ ಎಲ್ಲರೂ ಬೀಜ ಹೊತ್ತು ಹೋದರು. ನವಲಗುಂದದ ಮ್ಯಾನೇಜರು ಟ್ರೇಲರಿನ ಹುಲ್ಲನ್ನು ಸರಿಮಾಡುತ್ತಿದ್ದರು.

ಮಧ್ಯಾಹ್ನ ಹುಬ್ಬಳ್ಳಿಯಿಂದ ಕಂಪನಿಯ ಎಂಜಿನಿಯರು ಬಂದ. ಅದೇ ಹೊತ್ತಿಗೆ, ನಾನು ಊಟಕ್ಕೆ ಬರಲಿಲ್ಲವೆಂದು ಶಾಂತಾ ಡಬ್ಬಿ ಹಿಡಿದು ಬಂದಳು. ಎಲ್ಲರೂ ಒಳಕೋಣೆಯಲ್ಲಿ ನೆರೆದರು. ನಾನು ಮತ್ತೊಮ್ಮೆ ಯಂತ್ರ ಹಚ್ಚಿ, ಅದು ನಿಲ್ಲುವುದನ್ನು ತೋರಿಸಿದೆ. ಎಂಜಿನಿಯರು ಪೆಟ್ಟಿಗೆಯ ಮೇಲೆ ಕೈ ಇಟ್ಟು ಥಟ್ಟನೆ ತೆಗೆದ. "ಹಂಚು ಕಾದಂಗ ಕಾದದ," ಎಂದು ಸ್ಕ್ರೂ ಬಿಚ್ಚತೊಡಗಿದ. ನಾನು ಪಕ್ಕದಲ್ಲಿ ನಿಂತು ನನ್ನ ಸಂಶಯಗಳನ್ನು ಒಂದೊಂದಾಗಿ ಸಲ್ಲಿಸಿದೆ.

"ವೋಲ್ಟೇಜು ಇರಬೇಕ್ರಿ."

"ಅಲ್ಲರಿ."

"ಇಲಿ?"

"ಇಲ್ಲರಿ."

"ಧೂಳು?"

"ಇಷ್ಟು ಸ್ವಚ್ಛ ಮಷಿನ್ ನಾ ನೋಡಿಲ್ರಿ." ಅವನು ಹಿಂಬದಿಗೆ ಬಗ್ಗಿ ನೋಡಿದ. "ಒಳಗಿನ ಫ್ಯಾನ್ ಸಪ್ಪಳ ಮಾಡ್ತಿತ್ತೇನ್ರಿ ಮುಂಜಾನೆ?"

"ಇಲ್ಲ. ಬಾಳ ಶಾಂತ ಇತ್ತು."

"ಅದ ಮತ್ತ. ಫ್ಯಾನ್ ತಿರಗಿಲ್ಲ. ಕಾದಾಗೊಮ್ಮೆ ನಿಂತದ. ನೀವು ಜಗಳಾಡಿ ಬರೂದ್ರಾಗ ಆರಿ, ಮತ್ತ ನಡದದ."

ಹಿಂದಿನ ಜಾಲರಿಯ ಸಂದಿಯಲ್ಲಿ, ಫ್ಯಾನಿನ ರೆಕ್ಕೆಗಳ ನಡುವೆ ಎರಡು ಬೆರಳು ಹಾಕಿ ಅವನು ಏನನ್ನೋ ಎಳೆದ. ಸುಲಭವಾಗಿ ಬರಲಿಲ್ಲ. ಬೀಳಬಾರದೆಂದು ಯಾರೋ ಬಹಳ ಮುತುವರ್ಜಿಯಿಂದ ಸಿಕ್ಕಿಸಿದ್ದರು.

ಗೌಡರು ಬಾಗಿಲ ಮೇಲಿನ ಫಲಕವನ್ನು ಗಟ್ಟಿಯಾಗಿ ಓದಿದರು. "ಯಾರೂ ಏನನ್ನೂ ಇಡಕೂಡದು." ಆಮೇಲೆ ನನ್ನನ್ನು ನೋಡಿದರು.

ಶಾಂತಾ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಮುಂದೆ ಬಂದಳು. ಎಂಜಿನಿಯರನ ಬೆರಳಿನಿಂದ ಅದನ್ನು ಇಸಿದುಕೊಂಡು, ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, "ನಂದರಿ ಇದು," ಎಂದು ಮುಡಿಗೇರಿಸಿಕೊಂಡಳು.

ಕುಂಕುಮ ಹಚ್ಚಿದ, ಕಿರುಬೆರಳಿನಷ್ಟು ಉದ್ದದ ಒಂದು ಬನ್ನಿಯ ಕುಡಿ.