ಹಿಂದೆ ಮಿಲ್ಲರ್, ಪಕ್ಕದಲ್ಲಿ ಯಜಮಾನರು

ಮಿಲ್ಲರ್ ಎಳೆಯುವ ಗಾಡಿಯ ಡ್ರೈವರಿಗೆ ನಗೆಗೆ ಬರವಿಲ್ಲ. ವಾರ ತಪ್ಪಿದರೂ ಫಜೀತಿ ತಪ್ಪುವುದಿಲ್ಲ. ನಗುವುದು ಮಾತ್ರ ಕೆಲಸ ಮುಗಿದು ಮನೆಗೆ ಬಂದ ಮೇಲೆ, ಅಲ್ಲಿಯವರೆಗೆ ಬೈಸಿಕೊಳ್ಳುವುದು.

ಮಧುಗಿರಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿರುವ ಯಜಮಾನರೊಬ್ಬರ ಡೀಸೆಲ್ ಪಿಕಪ್ ಓಡಿಸುತ್ತೇನೆ. ಗಾಡಿಯಲ್ಲಿ ಗಾರೆ ಕೆಲಸದ ಹೆಂಗಸರು, ಗಾಡಿಯ ಹಿಂದೆ ಕೊಕ್ಕೆ ಹಾಕಿ ಕಟ್ಟಿದ ಮಿಲ್ಲರ್. ಮಿಲ್ಲರ್ ಅಂದರೆ ಜಲ್ಲಿ, ಮರಳು, ಸಿಮೆಂಟು ಕಲಸಿ ಲಿಫ್ಟಿನಲ್ಲಿ ತಾರಸಿಗೆ ಏರಿಸುವ, ಗಾಲಿ ಇರುವ ಮಿಷನ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಿ ಮನೆಗೆ ಮೋಲ್ಡ್, ಅಂದರೆ ಕಾಂಕ್ರೀಟಿನ ತಾರಸಿ, ಹಾಕಿಸಿದರೂ ನಾವು ಹೀಗೆ ಬಾಲ ಕಟ್ಟಿಕೊಂಡು ಹೋಗುತ್ತೇವೆ. ಅಂಥ ಬಾಲ ಇರುವ ಗಾಡಿಗೆ ಮೈಲೇಜ್ ಎಷ್ಟು ಬರಬೇಕೋ ಅಷ್ಟೇ ಬರುತ್ತದೆ. ಇದು ನನಗೆ ಗೊತ್ತು, ಗಾಡಿಗೆ ಗೊತ್ತು. ಯಜಮಾನರಿಗೆ ಗೊತ್ತಾಗುವ ಹೊತ್ತಿಗೆ ಇಷ್ಟೆಲ್ಲ ಆಯಿತು.

೧. ಅಳಿಯಂದಿರ ಲೆಕ್ಕ

ಯಜಮಾನರಿಗೆ ಮೈಲೇಜಿನ ಹುಚ್ಚು ಹಿಡಿದದ್ದು ಶಿರಾದಲ್ಲಿ, ಮಗಳ ಮನೆಯ ಊಟದಲ್ಲಿ. ಅಳಿಯಂದಿರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ‘ಮಾವ, ನಮ್ಮ ಪಿಕಪ್ಪೂ ನಿಮ್ದೇ ಮಾಡಲ್ಲು. ನಿಮ್ದಕ್ಕಿಂತ ಡಬ್ಬಲ್ ಮೈಲೇಜ್ ಬರ್ತೈತೆ. ನಿಮ್ ಡ್ರೈವರು ಏನೋ ಮಾಡ್ತಾವ್ನೆ’ ಅಂದರು.

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರ ಪೈಕಿ ನಮ್ಮ ಯಜಮಾನರು. ಅದರಲ್ಲೂ ಈ ಎತ್ತಿನ ಸುದ್ದಿ ತಂದವನು ಅಳಿಯ. ಎಲೆ ಮುಂದೆ ಕೂತೇ, ಪಂಕ್ತಿಯ ಕೊನೆಯಲ್ಲಿ ಉಣ್ಣುತ್ತಿದ್ದ ನನ್ನ ಕಡೆ ತಿರುಗಿದರು.

‘ಕೇಳಿಸ್ಕೊಂಡ್ಯೇನ್ಲಾ? ಮೈಲೇಜ್ ಮೇಲಕ್ಕೆ ಬರ್ಲಿಲ್ಲ ಅಂದ್ರೆ ಪಿಕಪ್ ಮಾರ್ಬುಟ್ಟು ಟ್ರಾಕ್ಟರ್ ತತ್ತೀನಿ. ಅದನ್ನ ಓಡ್ಸಕ್ಕೆ ನಮ್ಮಣ್ಣನ ಮಗ ಅವ್ನೆ. ನೀನು ಬೇರೆ ಕಡೆ ನೋಡ್ಕೊಂಬುಡು.’

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಟ್ಟೆ. ತಲೆ ನೆರೆತ ಡ್ರೈವರಿಗೆ ಹೊಸದಾಗಿ ಬೀಗದ ಕೈ ಕೊಡುವವರು ಯಾರಿದ್ದಾರೆ? ಭಯ ನುಂಗಿಕೊಂಡು ಅಳಿಯಂದಿರನ್ನೇ ಕೇಳಿದೆ: ‘ಸಾರ್, ನಿಮ್ ಗಾಡಿ ಹಿಂದೆ ಏನ್ ಕಟ್ತೀರಿ?’

‘ಕಟ್ಟೋದೇನು? ಹಿಂದೆ “ಮಾವನವರ ಆಶೀರ್ವಾದ” ಅಂತ ಬರೆಸಿದೀನಿ, ಅಷ್ಟೆ.’

ಗಾಡಿ ಕೊಡಿಸಿದ್ದು ಮಾವ. ತಿಂಗಳು ತಿಂಗಳು ಡೀಸೆಲ್ ಹಾಕಿಸುವುದೂ ಮಾವನೇ ಅಂತ ಆಮೇಲೆ ಬಂಕಿನವನು ಹೇಳಿದ. ಇನ್ನೊಬ್ಬರು ಹಾಕಿಸುವ ಡೀಸೆಲ್ಲಿಗೆ ಯಾವ ಗಾಡಿಯಾದರೂ ಒಳ್ಳೆಯ ಮೈಲೇಜೇ ಕೊಡುತ್ತದೆ.

೨. ತೂಕ ಇಳಿಸಿದ್ದು

‘ಹಿಂದೆ ಅಷ್ಟು ಭಾರ ಎಳೀವಾಗ ಗಾಡೀಲಿ ಬೇಡದ ತೂಕ ಇರಬಾರ್ದು’ ಅಂದ ನಮ್ಮ ಗಾಡಿ ರಿಪೇರಿ ಮಾಡುವ ಮೆಕ್ಯಾನಿಕ್. ಒಳ್ಳೆಯ ಮಾತೇ. ಯಜಮಾನರು ಮರುದಿನ ಬೆಳಿಗ್ಗೆ ಗಾಡಿಯ ಮುಂದೆ ನಿಂತು ಸ್ಟೆಪ್ನಿ ಇಳಿಸಿದರು, ಜಾಕ್ ಇಳಿಸಿದರು, ಟಾರ್ಪಾಲು ಇಳಿಸಿದರು, ನನ್ನ ಬುತ್ತಿಯನ್ನು ಕೈಯಲ್ಲಿ ತೂಗಿ ನೋಡಿ ಮನಸ್ಸಿಲ್ಲದ ಮನಸ್ಸಿನಿಂದ ವಾಪಸ್ ಕೊಟ್ಟರು. ಆ ಸ್ಟೆಪ್ನಿಗಿಂತ ಮೂರು ಪಟ್ಟು ತೂಗುವ ವಸ್ತುವೊಂದು ದಿನಾ ನನ್ನ ಪಕ್ಕದ ಸೀಟಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂರುತ್ತದೆ. ಅದನ್ನು ಇಳಿಸುವ ಯೋಚನೆ ಅವರಿಗೆ ಬರಲಿಲ್ಲ.

ಕೊನೆಗೆ ಕಣ್ಣು ಬಿದ್ದದ್ದು ಗಾಡಿಯಲ್ಲಿ ಕೂತಿದ್ದ ಹೆಂಗಸರ ಮೇಲೆ. ‘ಇಳೀರ್ರಮ್ಮ ಎಲ್ಲಾರೂ. ನಿಮ್ಗೆ ಬಸ್ ಫ್ರೀ ಐತಲ್ಲ. ಹೊಳವನಹಳ್ಳೀಗೆ ಬಸ್ಸಲ್ಲಿ ಬನ್ನಿ, ಗಾಡಿ ಹಗುರಾಗ್ತೈತೆ.’

ಹೆಂಗಸರ ಪೈಕಿ ಹಿರಿಯಳಾದ ಅಕ್ಕ ಸೆರಗು ಕೊಡವಿಕೊಂಡು ಇಳಿದಳು, ಹಿಂದೆಯೇ ಉಳಿದವರೆಲ್ಲ ಇಳಿದರು.

ನಾವು ಹೊಳವನಹಳ್ಳಿ ತಲುಪಿ ಮಿಲ್ಲರ್ ನಿಲ್ಲಿಸಿ, ಜಲ್ಲಿ ಅಳೆದು ಕಾದೆವು. ಎರಡು ಬಸ್ಸು ಬಂದವು, ಹೋದವು. ನಮ್ಮವರು ಒಬ್ಬರೂ ಇಳಿಯಲಿಲ್ಲ. ಮನೆ ಕಟ್ಟಿಸುವವನು, ‘ಮೋಲ್ಡ್ ಹಾಕೋದು ಇವತ್ತೋ, ಇಲ್ಲ ಮುಂದಿನ ಶುಕ್ರವಾರವೋ?’ ಅಂತ ಕೇಳತೊಡಗಿದ. ಯಜಮಾನರು ತಾವೇ ಒಂದು ಬಾಂಡ್ಲಿ ಜಲ್ಲಿ ಎತ್ತಿ ಸೊಂಟ ಹಿಡಿದುಕೊಂಡು ಕೂತರು.

ಬಿಸಿಲು ನೆತ್ತಿಗೆ ಬಂದ ಮೇಲೆ ಹೆಂಗಸರ ದಂಡು ಬಂತು. ಹಣೆ ತುಂಬ ಕುಂಕುಮ, ಮುಡಿ ತುಂಬ ಹೂವು, ಮುಖದಲ್ಲಿ ಒಳ್ಳೆ ಊಟದ ಕಳೆ.

‘ಎಲ್ಲಿ ಹಾಳಾಗೋಗಿದ್ರಿ?’ ಅಂದರು ಯಜಮಾನರು.

ಅಕ್ಕ ಸಮಾಧಾನವಾಗಿ ಹೇಳಿದಳು: ‘ಗೊರವನಹಳ್ಳಿ ಬಸ್ಸು ಖಾಲಿ ನಿಂತಿತ್ತು ಕಣಣ್ಣ. ಶುಕ್ರವಾರ ಬೇರೆ. ಅಮ್ಮನ ದರ್ಶನ ಮಾಡ್ಕೊಂಡು ಊಟ ಮುಗಿಸ್ಕೊಂಡು ಬಂದ್ಬುಟ್ವಿ. ನಿಮ್ ಗಾಡಿಗೆ ಒಳ್ಳೆ ಮೈಲೇಜ್ ಬರ್ಲಿ ಅಂತ ಹರಕೆ ಕಟ್ಕೊಂಡಿದೀವಿ. ತಗಳಿ, ಪ್ರಸಾದ.’

೩. ಗಾಳಿ

ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಗಾಡಿ ಡೀಸೆಲ್ ತಿನ್ನುತ್ತದೆ ಅಂತ ಬಂಕಿನವನು ಹೇಳಿದ್ದು ನಿಜ. ಆದರೆ ಅವನು ‘ಗಾಳಿ ಪುಕ್ಕಟೆ’ ಅಂತ ಕೂಡ ಹೇಳಿಬಿಟ್ಟ. ಅಲ್ಲಿಗೆ ಮುಗಿಯಿತು. ಯಜಮಾನರು ಪೈಪು ಹಿಡಿದು ಪಿಕಪ್ಪಿಗೂ ಮಿಲ್ಲರಿಗೂ, ಟೈರು ಕಲ್ಲಾಗುವ ತನಕ ತುಂಬಿಸಿದರು.

ಆಮೇಲೆ ದಾರಿಯಲ್ಲಿ ಹಂಪ್ ಬಂದಾಗಲೆಲ್ಲ ಮಿಲ್ಲರ್ ಮೇಕೆಮರಿಯಂತೆ ನೆಗೆಯಿತು. ಹಿಂದೆ ಕೂತ ಹೆಂಗಸರು, ‘ಅಣ್ಣಾ, ಇದು ನಮ್ಮ ಮೈಮೇಲೇ ಬತ್ತೈತೆ’ ಅಂತ ಬಡಕೊಂಡರು. ನಾನು ಗಾಡಿ ನಿಲ್ಲಿಸಿ ಗಾಳಿ ಇಳಿಸೋಣ ಅಂದರೆ ಯಜಮಾನರು ಕನ್ನಡಿಯಲ್ಲಿ ನೋಡಿ ಹಿಗ್ಗಿದರು.

‘ನೋಡ್ದೇನ್ಲಾ, ಹೆಂಗೆ ತಾನಾಗೇ ಓಡ್ಬತ್ತೈತೆ. ಇನ್ನು ಎಳ್ಯಕ್ಕೆ ಡೀಸೆಲ್ ಯಾಕ್ಲಾ?’

೪. ನಿಧಾನವೇ ಪ್ರಧಾನ

‘ಮಿಷನ್ ಕಟ್ಕೊಂಡಾಗ ನಲವತ್ತರ ಮೇಲೆ ಹೋಗ್ಬೇಡ, ಡೀಸೆಲ್ ಉಳಿತೈತೆ’ ಅಂತ ಹೇಳಿದವನೂ ಅದೇ ಮೆಕ್ಯಾನಿಕ್. ಯಜಮಾನರದು ಅಂಗಡಿಯ ಲೆಕ್ಕ. ನಲವತ್ತಕ್ಕೆ ಇಷ್ಟು ಉಳಿದರೆ ಇಪ್ಪತ್ತಕ್ಕೆ ಎರಡರಷ್ಟು, ಹತ್ತಕ್ಕೆ ನಾಲ್ಕರಷ್ಟು ಉಳಿಯಬೇಕು. ಆ ಲೆಕ್ಕದಲ್ಲಿ ಗಾಡಿ ಮನೆಯಲ್ಲೇ ನಿಲ್ಲಿಸಿಕೊಂಡರೆ ಡೀಸೆಲ್ ನಾವೇ ಮಾರಬಹುದು ಅಂತ ಬಾಯಿಗೆ ಬಂತು, ನುಂಗಿಕೊಂಡೆ.

ಮಿಲ್ಲರಿನ ಡ್ರಮ್ಮಿಗೆ ಗಾಳಿ ಬಡಿದು ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ ಅಂತ ಅಳಿಯಂದಿರು ಫೋನಿನಲ್ಲಿ ಬೇರೆ ಹೇಳಿದ್ದರು. ಟಾರ್ಪಾಲು ತೂಕದ ಲೆಕ್ಕದಲ್ಲಿ ಮನೆ ಸೇರಿತ್ತಲ್ಲ, ಅದಕ್ಕೆ ಹಳೆಯ ಶಾಮಿಯಾನದ ಕೆಂಪು ಬಟ್ಟೆ ತಂದು ಸುತ್ತಿದರು. ಹಿಂದಿನ ದಿನ ಮೋಲ್ಡಿನ ಪೂಜೆಗೆ ಮಿಲ್ಲರಿಗೆ ಹಾಕಿದ್ದ ಚೆಂಡುಹೂವಿನ ಹಾರ ಈಗ ಆ ಬಟ್ಟೆಯ ಮೇಲಿತ್ತು. ನಾನು ನಡೆಯುವವರ ಜೊತೆ ನಡೆಯುವ ಹಾಗೆ ಗಾಡಿ ಬಿಟ್ಟೆ. ಸ್ಪೀಡು ಕಾಯಲು ಯಜಮಾನರು ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದರು. ಆ ಸ್ಪೀಡಿಗೆ ಸ್ಕೂಟರ್ ನೆಟ್ಟಗೆ ನಿಲ್ಲದೆ ಎರಡು ಕಾಲೂ ನೆಲಕ್ಕೆ ಊರಿಕೊಂಡು ಬರುತ್ತಿದ್ದರು.

ಶಿರಾ ಕಡೆಯ ದಾರಿಯಲ್ಲಿ ಕುರಿಯವನೊಬ್ಬ ಕುರಿಗಳ ಸಮೇತ ನಮ್ಮನ್ನು ದಾಟಿ ಮುಂದೆ ಹೋದ. ಹೋದವನು ತಿರುಗಿ ನೋಡಿ, ಕೆರ ಬಿಟ್ಟು ಕೈ ಮುಗಿದ.

‘ಯಾವೂರ್ ದೇವ್ರಣ್ಣ ಇದು?’

‘ದೇವ್ರಲ್ಲ ಕಣಣ್ಣ, ಮೋಲ್ಡ್ ಹಾಕೋ ಮಿಷನ್ನು’ ಅಂದೆ. ಅವನು ನಂಬಲಿಲ್ಲ. ಮಿಷನ್ನಿಗೆ ಇಷ್ಟು ಮರ್ಯಾದೆ ಯಾರು ಕೊಡುತ್ತಾರೆ, ನೀನು ಹೇಳದಿದ್ದರೆ ಬೇಡ ಬಿಡು ಅನ್ನುವ ಹಾಗೆ ನೋಡಿದ. ಅವನು ಮುಂದಿನ ಊರಿಗೆ ನಮಗಿಂತ ಮೊದಲು ಹೋಗಿ ಸುದ್ದಿ ಮುಟ್ಟಿಸಿದ. ನಾವು ಅಲ್ಲಿಗೆ ಬರುವ ಹೊತ್ತಿಗೆ ನೀರು ಹಾಕಿದ ಬೀದಿಯಲ್ಲಿ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಮಿಲ್ಲರಿಗೆ ಕಾಯಿ ಒಡೆದರು, ಅರಿಶಿನ ಕುಂಕುಮ ಹಚ್ಚಿದರು, ಲಿಫ್ಟಿನ ತೊಟ್ಟಿಗೆ ಕಾಣಿಕೆ ಹಾಕಿದರು.

ಯಜಮಾನರಿಗೆ ನಾಚಿಕೆ ಆಗುತ್ತದೆ ಅಂದುಕೊಂಡೆ. ಊರಾಚೆ ಬಂದ ಮೇಲೆ ಅವರು ತೊಟ್ಟಿಗೆ ಕೈ ಹಾಕಿ ಚಿಲ್ಲರೆ ಎಲ್ಲ ಬಳಿದುಕೊಂಡು ಬಂದು ಹೇಳಿದರು: ‘ವಾಪಸ್ ಬರುವಾಗ್ಲೂ ಇದೇ ಸ್ಪೀಡಲ್ಲಿ ಬಾ. ಈ ಊರ್ ಬೇಡ, ಇನ್ನೊಂದ್ ಊರ್ ಮೇಲೆ ಬಾ.’

೫. ಪಾವಗಡದ ಪರೀಕ್ಷೆ

ಇಷ್ಟೆಲ್ಲ ಆದರೂ ಮೈಲೇಜ್ ಅಲುಗಲಿಲ್ಲ. ಅಣ್ಣನ ಮಗ ಆಗಲೇ ಎರಡು ಸಲ ಬಂದು ಟ್ರಾಕ್ಟರಿನ ಬಣ್ಣದ ವಿಷಯ ಮಾತಾಡಿ ಹೋಗಿದ್ದ. ಕೊನೆಗೆ ಯಜಮಾನರು, ಪಾವಗಡದ ಕಡೆ ಒಂದು ಮೋಲ್ಡ್ ಒಪ್ಪಿಕೊಂಡ ದಿನ, ಟ್ಯಾಂಕ್ ಕಂಠಮಟ್ಟ ತುಂಬಿಸಿ ನನ್ನ ಪಕ್ಕ ಹತ್ತಿ ಕೂತರು. ಹೆಂಗಸರು ಬಸ್ಸಿನಲ್ಲಿ ಮುಂಚೆಯೇ ಹೋಗಿದ್ದರು.

‘ಇವತ್ತು ಕೊನೇ ಪರೀಕ್ಷೆ. ಮೈಲೇಜ್ ಬಂದ್ರೆ ಗಾಡಿ ನಿಂದು, ಬರ್ಲಿಲ್ಲ ಅಂದ್ರೆ ಬೀಗದ್ ಕೈ ಮಡಗಿ ಇಳ್ಕೋ. ಕಿಟಕಿ ತೆಗೀಬೇಡ, ಗಾಳಿ ಜಗ್ತೈತೆ. ಏಸಿ ಹಾಕ್ಬೇಡ. ಬ್ರೇಕ್ ಮುಟ್ಬೇಡ. ಮುಖ್ಯವಾದ್ದು ಕೇಳು: ನಿಂತ ಗಾಡಿ ಹೊರಡ್ಸೋಕೇ ಜಾಸ್ತಿ ಡೀಸೆಲ್ ಬೇಕು. ಪಾವಗಡ ಬರೋಗಂಟ ನಿಲ್ಲಿಸ್ಲೇಬಾರ್ದು. ನಾನೇ ನಿಲ್ಸು ಅಂದ್ರೂ ನಿಲ್ಲಿಸ್ಬೇಡ. ನಡುನಡುವೆ ಪರೀಕ್ಷೆ ಮಾಡ್ತಾ ಇರ್ತೀನಿ.’

ಯಜಮಾನರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎದ್ದು ದೊಡ್ಡ ಚೊಂಬಿನ ತುಂಬ ಮೆಂತ್ಯದ ನೀರು ಕುಡಿಯುತ್ತಾರೆ. ಅದನ್ನು ಅವರೂ ಮರೆತಿದ್ದರು, ನಾನೂ ಮರೆತಿದ್ದೆ.

ಮಧುಗಿರಿ ಬಿಟ್ಟು ಸ್ವಲ್ಪ ದೂರಕ್ಕೆ, ‘ಟೀ ಕುಡ್ಯಾಣ, ನಿಲ್ಸ್ಲಾ’ ಅಂದರು. ನಾನು ನಿಲ್ಲಿಸಲಿಲ್ಲ. ಯಜಮಾನರು ನನ್ನ ಬೆನ್ನು ತಟ್ಟಿದರು. ‘ಭೇಷ್. ಪರೀಕ್ಷೆ ಮಾಡ್ದೆ.’

ಕಿಟಕಿ ಮುಚ್ಚಿದ ಗಾಡಿಯಲ್ಲಿ ನಾವಿಬ್ಬರೂ ಇಡ್ಲಿಯ ಹಾಗೆ ಬೇಯುತ್ತಿದ್ದೆವು. ಮಿಡಿಗೇಶಿ ದಾಟಿತು. ಯಜಮಾನರು ಒಂದು ಸಲ ಎಡಕ್ಕೆ ವಾಲಿ ಕೂತರು, ಇನ್ನೊಂದು ಸಲ ಬಲಕ್ಕೆ.

‘ಒಸಿ ನಿಲ್ಸ್ಲಾ.’

ನಾನು ನಕ್ಕೆ. ನಿಲ್ಲಿಸಲಿಲ್ಲ.

‘ಲೇ, ನಿಲ್ಸೋ. ಇದು ಪರೀಕ್ಷೆ ಅಲ್ಲ ಕಣ್ಲಾ.’

‘ಪರೀಕ್ಷೆ ಮಾಡೋರು ಹಂಗೇ ಅನ್ನೋದು ಯಜಮಾನ್ರೇ.’

‘ನಮ್ಮವ್ವನಾಣೆ, ಅರ್ಜೆಂಟಾಗೈತೆ.’

ಆಣೆ ಕೇಳಿದಾಗ ಕಾಲು ಬ್ರೇಕಿನ ಕಡೆ ಹೋದದ್ದು ನಿಜ. ಆದರೆ ಅಂಗಡಿಯಲ್ಲಿ ಸಿಮೆಂಟು ಮಾರುವಾಗ ಇದೇ ಅವ್ವನ ಮೇಲೆ ಅವರು ದಿನಕ್ಕೆ ಎಷ್ಟು ಆಣೆ ಇಡುತ್ತಾರೆ ಅಂತ ನಾನು ಕಂಡವನು. ಕಾಲು ವಾಪಸ್ ಬಂತು. ಮನುಷ್ಯ ಎಂಥ ಚೆನ್ನಾಗಿ ಪರೀಕ್ಷೆ ಮಾಡುತ್ತಾರೆ ಅಂತ ಮೆಚ್ಚಿಕೊಂಡೆ ಕೂಡ. ಮುಖದಲ್ಲಿ ಬೆವರು, ಕಣ್ಣಲ್ಲಿ ನೀರು, ಕಾಲ ಮೇಲೆ ಕಾಲು ಹೆಣೆದುಕೊಂಡು ಕೂತಿದ್ದಾರೆ. ನಾಟಕದ ಕಂಪನಿಯಲ್ಲೂ ಇಂಥವರು ಸಿಗುವುದಿಲ್ಲ.

‘ನಿನ್ ಕೆಲ್ಸ ಎಲ್ಲೂ ಹೋಗಲ್ಲ. ಟ್ರಾಕ್ಟರೂ ಬೇಡ, ಅಣ್ಣನ ಮಗನೂ ಬೇಡ. ನಿಲ್ಸಪ್ಪ, ನನ್ನಪ್ಪ.’

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಅನಿಸಿತು. ಆಸೆ ತೋರಿಸಿ ಕೆಡವುತ್ತಿದ್ದಾರೆ, ಬೀಳಬಾರದು ಅಂತ ಹಲ್ಲು ಕಚ್ಚಿದೆ. ಅಷ್ಟರಲ್ಲಿ ಮುಂದೆ ಊರು ಬಂತು, ಸಾಲಾಗಿ ಹಂಪುಗಳು.

‘ಅಯ್ಯೋ, ಹಂಪಲ್ಲಿ ಮೆಲ್ಲಗೆ ಹೋಗೋ...’

‘ಬ್ರೇಕ್ ಮುಟ್ಬೇಡ ಅಂದಿದೀರಲ್ಲ ಯಜಮಾನ್ರೇ’ ಅಂತ ಹೇಳಿ ಹಾಗೇ ಹಾರಿಸಿದೆ. ಮೊದಲನೇ ಹಂಪಿಗೆ ಅವರು ದೇವರನ್ನು ಕರೆದರು. ಎರಡನೆಯದಕ್ಕೆ ನನ್ನ ವಂಶವನ್ನು ಬೈದರು. ಮೂರನೆಯದಕ್ಕೆ ಕಣ್ಣು ಮುಚ್ಚಿ ಎರಡು ಕೈಯಲ್ಲೂ ಡ್ಯಾಶ್‌ಬೋರ್ಡು ಹಿಡಿದುಕೊಂಡರು.

ಪಾವಗಡದ ಬಂಕಿನಲ್ಲಿ ಟ್ಯಾಂಕ್ ಮತ್ತೆ ತುಂಬಿಸಿ ಲೆಕ್ಕ ನೋಡಬೇಕು ಅಂತ ಮಾತಾಗಿತ್ತು. ಬಂಕು ಬಂತು ಅಂದೆ. ‘ಬಂಕೂ ಬೇಡ, ಲೆಕ್ಕಾನೂ ಬೇಡ, ಮೋಲ್ಡಿನ ಮನೆ ಹತ್ರ ನಡಿ’ ಅಂದರು, ಕಣ್ಣು ಪೂರ್ತಿ ತೆರೆಯದೆ. ಬಂಕಿನಲ್ಲಿ ನಾಲ್ಕು ಗಾಡಿ ಸಾಲು ನಿಂತದ್ದನ್ನು, ಮರೆಗೆ ಒಂದು ಗೋಡೆಯೂ ಇಲ್ಲದ್ದನ್ನು ಅರೆಗಣ್ಣಿನಲ್ಲಿ ನೋಡಿದ್ದರು ಅಂತ ಕಾಣುತ್ತದೆ.

ಮೋಲ್ಡಿನ ಮನೆ ಮುಂದೆ ಗಾಡಿ ನಿಂತಿತು. ಕೆಲಸಕ್ಕೆ ಯಜಮಾನರೇ ಬಂದರು ಅಂತ ಆ ಮನೆಯ ಅಜ್ಜಿ ದೊಡ್ಡ ಚೊಂಬಿನಲ್ಲಿ ಮಜ್ಜಿಗೆ ಹಿಡಿದು ಬಾಗಿಲಿಗೇ ಬಂದಳು. ‘ರಾಂಡಿ ಸಾಮಿ, ಬಿಸಿಲಾಗೆ ಬಂದೀರಿ, ಮೊದ್ಲು ಮಜ್ಜಿಗ ತಾಗಂಡಿ’ ಅಂತ ತೆಲುಗು ಬೆರೆತ ಕನ್ನಡದಲ್ಲಿ ಕರೆದು, ಕುಡಿಯಲು ಚೊಂಬನ್ನು ಅವರ ಬಾಯಿಗೇ ಹಿಡಿದಳು. ಯಜಮಾನರು ಚೊಂಬಿನ ಕಡೆ ಒಂದು ಸಲ, ಅಜ್ಜಿಯ ಕಡೆ ಒಂದು ಸಲ ನೋಡಿ, ಸೊಂಟದ ನೋವೆಲ್ಲ ಮರೆತು, ಜಲ್ಲಿ ರಾಶಿಯ ಹಿಂದಕ್ಕೆ ಹಾರಿದರು. ಅದು ಪರೀಕ್ಷೆ ಅಲ್ಲ ಅಂತ ನನಗೆ ಗೊತ್ತಾದದ್ದು ಆವಾಗ.

ಕೆಲಸ ಹೋಯಿತು ಅಂತ ಬೀಗದ ಕೈಯನ್ನು ನಾನೇ ಕೈಯಲ್ಲಿ ಹಿಡಿದು ನಿಂತೆ. ಬಹಳ ಹೊತ್ತಾದ ಮೇಲೆ ಯಜಮಾನರು ಬಂದರು. ತಪಸ್ಸು ಮುಗಿಸಿ ಬಂದವರ ಶಾಂತಿ ಅವರ ಮುಖದಲ್ಲಿತ್ತು. ನಾನು ಚಾಚಿದ ಬೀಗದ ಕೈಯನ್ನು ನೋಡಿ, ನನ್ನ ಜೇಬಿಗೇ ತುರುಕಿದರು.

‘ಇಟ್ಕೊ. ಇನ್ಮೇಲೆ ನನ್ ಮುಂದೆ ಮೈಲೇಜ್ ಅಂತ ಅಂದವ್ನ ಹಲ್ ಉದುರಿಸ್ಬುಡ್ತೀನಿ. ನೀನಾದ್ರೂ ಸರಿ, ಅಳಿಯನಾದ್ರೂ ಸರಿ.’

ಸಾಯಂಕಾಲ ಕಿಟಕಿ ಪೂರ್ತಿ ತೆಗೆದು, ಏಸಿಯನ್ನೂ ಹಾಕಿಸಿಕೊಂಡು ವಾಪಸ್ ಹೊರಟೆವು. ಊರು ದಾಟುತ್ತಿದ್ದಂತೆ ಒಂದು ಹುಣಸೆ ಮರ ಬಂತು. ‘ನಿಲ್ಸು’ ಅಂದರು. ನಿಲ್ಲಿಸಿದೆ. ಅವರು ಇಳಿಯಲಿಲ್ಲ. ‘ಹ್ಞೂಂ, ನಡಿ’ ಅಂದರು. ಮುಂದಿನ ಮರಕ್ಕೂ ‘ನಿಲ್ಸು’, ಅದರ ಮುಂದಿನದಕ್ಕೂ ‘ನಿಲ್ಸು’. ಮಧುಗಿರಿ ಬರುವ ತನಕ ಅವರು ಒಂದು ಮರವನ್ನೂ ಬಿಡಲಿಲ್ಲ, ಒಂದು ಸಲವೂ ಇಳಿಯಲಿಲ್ಲ. ಗಾಡಿ ನಿಲ್ಲುತ್ತದೋ ಇಲ್ಲವೋ ಅಂತ ನೋಡಿಕೊಳ್ಳುತ್ತಿದ್ದರು, ಅಷ್ಟೆ.