ಚಾನೆಲಣ್ಣ ಹಿಡಿದ ಗೂಢಚಾರ

ಎಲ್ಲ ಅನಾಹುತಕ್ಕೂ ಕಾರಣ ಒಂದು ಆಕಳಿಕೆ. ನಿದ್ದೆಯೆಂಬುದು ದೇವರು ಜೀವಕ್ಕೆ ಕೊಟ್ಟ ದೊಡ್ಡ ಕರುಣೆಯೇ ಸರಿ. ಆದರೆ ಯಾವ ಗಳಿಗೆಯಲ್ಲಿ ಕೊಡಲಿ ಎಂದು ಅವನು ಯಾರನ್ನೂ ಕೇಳುವುದಿಲ್ಲ. ಗೂಢಚಾರರ ಧಾರಾವಾಹಿಯ ಕೊನೆಯ ಕಂತು. ಇಲಾಖೆಯೊಳಗೇ ಇದ್ದುಕೊಂಡು ಗುಟ್ಟು ಮಾರುತ್ತಿದ್ದ ದ್ರೋಹಿಯ ಮುಖ ಇನ್ನೇನು ಕಾಣಬೇಕು, ಅಷ್ಟರಲ್ಲಿ ದರ್ಜಿ ಚಾನೆಲಣ್ಣನ ರೆಪ್ಪೆಗಳು ಅಂಗಡಿಯ ಷಟರಿನಂತೆ ಕೆಳಗಿಳಿದವು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು.

“ಲೇ, ದ್ರೋಹಿ ಯಾರು ಅಂತ ತೋರ್ಸಿದ್ರಾ?” ಎಂದು ಹಾಸಿಗೆಯಿಂದಲೇ ಕೂಗಿದ.

“ನಂಗೇನು ಗೊತ್ತು? ನಿಮ್ಮ ಗೊರಕೆ ಮುಂದೆ ಅವರ ಬಾಂಬೂ ಕೇಳಿಸ್ಲಿಲ್ಲ. ಟಿವಿ ಆರಿಸಿ ಮಲಕ್ಕೊಂಡೆ,” ಎಂದಳು ಹೆಂಡತಿ.

ಚಾನೆಲಣ್ಣ ಹಾಸಿಗೆಯಿಂದ ಜಿಗಿದೆದ್ದ. ಅವನು ದುಡಿಯುವ ಹೊಲಿಗೆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಯಜಮಾನರಿಗೆ ಧಾರಾವಾಹಿಯೆಂದರೆ ಪ್ರಾಣ. ಆದರೆ ಮನೆಯ ರಿಮೋಟು ಅವರ ಅತ್ತೆಯ ದಿಂಬಿನಡಿ ಸೇರಿ ಬಹುಕಾಲವಾಗಿತ್ತು. ಹಾಗಾಗಿ ಹಿಂದಿನ ರಾತ್ರಿಯ ಕಂತನ್ನು ಬೆಳಿಗ್ಗೆ ಹೇಳುವವನಿಗೆ ಆ ದಿನ ಕಾಜಾ ಮಾಫಿ. ಕಾಜಾ ಎಂದರೆ ಗುಂಡಿ ತೂರುವ ಕಂಡಿಯ ಸುತ್ತ ಸೂಜಿಯಲ್ಲಿ ದಾರ ಹೆಣೆಯುವುದು. ಕಣ್ಣು, ಕತ್ತು, ತಾಳ್ಮೆ ಎಲ್ಲವನ್ನೂ ತಿನ್ನುವ ಕೆಲಸ. ಚಾನೆಲಣ್ಣ ಅದನ್ನು ಮುಟ್ಟಿ ವರ್ಷಗಳೇ ಆಗಿದ್ದವು. ಪಕ್ಕದ ಮಿಷನ್ನಿನವನು ಬಾಯಿ ಬಿಡುವ ಜಾತಿಯಲ್ಲ, ಅವನ ಹೆಸರೇ ಮೌನಿ. ಇಬ್ಬರ ಕಾಜಾವೂ ಅವನ ಹಣೆಗೇ.

ಚಾನೆಲಣ್ಣ ಬರೀ ಕತೆ ಹೇಳುತ್ತಿರಲಿಲ್ಲ, ಜೊತೆಗೆ ಅಭಿಪ್ರಾಯವನ್ನೂ ಬಡಿಸುತ್ತಿದ್ದ. “ಸೀರಿಯಲ್ಲಲ್ಲಿ ಮಂಗಳ ಗ್ರಹಕ್ಕೆ ಹೋದೋರ ಬಟ್ಟೇಲಿ ಒಂದು ಹೊಲಿಗೆ ಕಾಣಲ್ಲ, ಒಂದು ಜಿಪ್ಪಿಲ್ಲ. ಅರ್ಜೆಂಟಾದ್ರೆ ಪಾಪ ಏನ್ಮಾಡ್ತಾರೆ? ಹೋಗೋ ವಿಜ್ಞಾನ ಗೊತ್ತು, ಬಿಚ್ಚೋ ವಿಜ್ಞಾನ ಗೊತ್ತಿಲ್ಲ!” ಎನ್ನುವನು. “ಈ ಗೂಢಚಾರ ಮಾಳಿಗೆಯಿಂದ ಮಾಳಿಗೆಗೆ ಹಾರ್ತಾನೆ, ಕಂಕುಳಲ್ಲಿ ಒಂದೆಳೆ ಬಿಚ್ಚಲ್ಲ. ನಮ್ಮ ಗಿರಾಕಿ ಬಸ್ ಹತ್ತಿದ್ರೆ ಸಾಕು, ಹರ್ಕೊಂಡು ಬಂದು ನಮ್ಮನ್ನೇ ಬೈತಾನೆ!” ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಗುವರು.

ಅವತ್ತು ಬ್ಯಾಂಡಿನವರ ಕೋಟುಗಳ ಸರದಿ. ಒಂದೊಂದರ ಎದೆಯ ಮೇಲೂ ಜೋಡಿ ಸಾಲು ಗುಂಡಿ. ಸಂಜೆಯೊಳಗೆ ಮುಗಿಯಬೇಕು.

ಚಾನೆಲಣ್ಣ ಪಕ್ಕದ ಮನೆಗೆ ಓಡಿದ. ನಿವೃತ್ತ ಪೋಸ್ಟ್‌ಮಾಸ್ಟರು ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದರು.

“ಸಾರ್, ನಿನ್ನೆ ಕೊನೆಯದು ನೋಡಿದ್ರಲ್ಲ, ದ್ರೋಹಿ ಬಗ್ಗೆ ಏನನ್ಸುತ್ತೆ?”

“ನೀವೇ ಹೇಳಿ.”

“ನಿಮ್ಮ ಬಾಯಲ್ಲಿ ಕೇಳೋಣ ಅಂತ.”

“ಬೇಡಪ್ಪ! ಹೋದ ಸಲ ಇನ್ನೊಂದು ಸೀರಿಯಲ್ಲಲ್ಲಿ ರೋಬಾಟು ಅತ್ತಾಗ ನಂಗೂ ಅಳು ಬಂತು ಅಂದೆ. ‘ಕಬ್ಬಿಣಕ್ಕೆ ಅಳ್ತೀರಲ್ಲ’ ಅಂತ ಬೀದಿಗೆಲ್ಲ ಸಾರಿದ್ರಿ. ನಾನು ತುಟಿ ಬಿಚ್ಚಲ್ಲ,” ಎಂದವರೇ ಕನ್ನಡಿಯ ಕಡೆ ತಿರುಗಿಬಿಟ್ಟರು.

ದೇವರ ಮೇಲೆ ಭಾರ ಹಾಕಿ ಅಂಗಡಿಗೆ ಹೋದರೆ, ಅಲ್ಲಿ ಯಜಮಾನರ ಜೊತೆ ಬ್ಯಾಂಡ್ ಮಾಸ್ಟರೂ ಕುರ್ಚಿ ಎಳೆದುಕೊಂಡು ಕೂತಿದ್ದಾನೆ.

“ಬಾರಯ್ಯ ಚಾನೆಲ್ಲು! ಇವರು ನಿನ್ನೆ ಯಾರದೋ ಮದುವೇಲಿ ಊದ್ತಾ ಇದ್ರಂತೆ. ನಿನ್ನ ಕತೆ ಕೇಳೋಕೇ ಬಂದಿದಾರೆ. ಚೆನ್ನಾಗಿ ಹೇಳು, ಇಲ್ಲಾಂದ್ರೆ ಅಷ್ಟೂ ಕಾಜಾ ನಿಂದೇ.”

ಚಾನೆಲಣ್ಣ ಗಂಟಲು ಸರಿಮಾಡಿಕೊಂಡ. ನೀರು ಕುಡಿದ. ಮತ್ತೆ ಕುಡಿದ. “ಮೊದ್ಲು ನೀವು ಊಹಿಸಿ ನೋಡೋಣ.”

“ಡಾಕ್ಟರಾ?” ಎಂದರು ಯಜಮಾನರು.

“ಛೆ!”

“ಆ ಕುಂಟ ಕಾವಲುಗಾರ?”

“ಅಯ್ಯೋ, ಅವನಾಗಿದ್ರೆ ನಾನ್ಯಾಕೆ ನೋಡ್ಲಿ?”

“ಮತ್ತೆ ಯಾರಯ್ಯಾ? ಬೇಗ ಹೇಳು!” ಎಂದು ಬ್ಯಾಂಡ್ ಮಾಸ್ಟರು ತುತ್ತೂರಿಯ ದನಿಯಲ್ಲಿ ಗದರಿದ.

ಚಾನೆಲಣ್ಣ ದಿಕ್ಕುಗಾಣದೆ ಕೊರಳಲ್ಲಿದ್ದ ಟೇಪನ್ನು ಹಿಡಿದುಕೊಂಡ. ಹಿಡಿದ ಟೇಪೇ ಅವನ ಕೈಹಿಡಿಯಿತು. “ದರ್ಜಿ!” ಎಂದ.

“ದರ್ಜಿಯಾ?”

“ಇಲಾಖೆಯ ದರ್ಜಿ! ಯಾವ ಗೂಢಚಾರ ಎಲ್ಲಿಗೆ ಹೊರಟ ಅಂತ ಮೊದಲು ಗೊತ್ತಾಗೋದು ಯಾರಿಗೆ? ಉಣ್ಣೆ ಕೋಟು ಅಂದ್ರೆ ಚಳಿ ದೇಶ, ತೆಳು ಅಂಗಿ ಅಂದ್ರೆ ಮರಳುಗಾಡು. ಗುಟ್ಟಿನ ಜೇಬು ಎಲ್ಲಿದೆ ಅಂತ ಹೊಲಿದವನಿಗಲ್ದೆ ಇನ್ಯಾರಿಗೆ ಗೊತ್ತು? ಒಂದು ಮಾತಾಡದೆ ಮೂಲೇಲಿ ತಲೆ ಬಗ್ಗಿಸಿ ಕೂತಿದ್ದ. ಮಾತಾಡದವನನ್ನ ಯಾರೂ ಲೆಕ್ಕಕ್ಕೇ ಹಿಡಿಯಲ್ಲ ನೋಡಿ, ಅವನ ಎದುರಿಗೇ ಎಲ್ಲ ಗುಟ್ಟೂ ಆಡ್ತಿದ್ರು!”

ಪಕ್ಕದ ಮಿಷನ್ನಿನ ಸದ್ದು ನಿಂತಿತು. ಮೌನಿ ಎದ್ದು ನಿಂತಿದ್ದ. ಮುಖ ಬಿಳಿ ಬಟ್ಟೆಯಾಗಿತ್ತು.

“ತಪ್ಪಾಯ್ತು ಯಜಮಾನ್ರೇ. ನಮ್ಮ ಕೋಟಿನ ಒಳಜೇಬಿನ ಅಳತೆ ಎದುರಂಗಡಿಗೆ ಕೊಟ್ಟಿದ್ದು ನಾನೇ.”

ಉಬ್ಬು ಕಾಣದ ಆ ಒಳಜೇಬು ಯಜಮಾನರ ಸ್ವಂತ ಸೃಷ್ಟಿ. ಅಂಥದೇ ಕೋಟು ಎದುರಂಗಡಿಯ ಗಾಜಿನೊಳಗೆ ನೇತಾಡಿದ ದಿನದಿಂದ ಅವರಿಗೆ ಊಟ ಸೇರುತ್ತಿರಲಿಲ್ಲ.

“ನೀನಾ? ಈಗ್ಯಾಕೋ ಬಾಯಿ ಬಿಟ್ಟೆ?”

“ನಿನ್ನೆ ನಾನೂ ಕೊನೆವರೆಗೆ ನೋಡಿದೆ. ಅದ್ರಲ್ಲಿ ದರ್ಜಿ ಅನ್ನೋನೇ ಇಲ್ಲ! ಅಣ್ಣ ನನಗೇ ಗುರಿಯಿಟ್ಟು ಹೇಳಿದ್ರು ಅಂತ ತಿಳೀತು.”

ಚಾನೆಲಣ್ಣ ಕೊರಳ ಟೇಪನ್ನು ನೆಟ್ಟಗೆ ಮಾಡಿಕೊಂಡು ಗಂಭೀರವಾಗಿ ತಲೆಯಾಡಿಸಿದ. “ನಂಗೆ ಮೊದಲಿಂದ್ಲೂ ಅನುಮಾನ. ಇಷ್ಟು ಸೀರಿಯಲ್ ನೋಡಿದ ಕಣ್ಣಲ್ವಾ?”

ಯಜಮಾನರು ಮೌನಿಗೆ ಬಾಗಿಲು ತೋರಿಸಿದರು. ಅವನು ಕತ್ತರಿ ಬಗಲಲ್ಲಿಟ್ಟುಕೊಂಡು ಇಳಿದು, ರಸ್ತೆ ದಾಟಿ, ನೆಟ್ಟಗೆ ಎದುರಂಗಡಿಯನ್ನೇ ಹೊಕ್ಕ. ಚಾನೆಲಣ್ಣ ಬ್ಯಾಂಡಿನ ದೊಡ್ಡ ಡೋಲಿನಂತೆ ಉಬ್ಬಿ ನಿಂತಿದ್ದ.

“ಅದೆಲ್ಲ ಸರಿ,” ಎಂದ ಬ್ಯಾಂಡ್ ಮಾಸ್ಟರು, “ನನ್ನ ಕೋಟು?”

ಯಜಮಾನರು ಕೋಟಿನ ರಾಶಿಯನ್ನು ಚಾನೆಲಣ್ಣನ ಮಡಿಲಿಗೆ ಸುರಿದರು.

“ಯಜಮಾನ್ರೇ! ಕತೆ ಹೇಳಿದೋರಿಗೆ ಮಾಫಿ ಅಲ್ವಾ?”

“ಕತೆ ಎಲ್ಲಿ ಹೇಳ್ದೆ? ಅದ್ರಲ್ಲಿ ದರ್ಜಿನೇ ಇಲ್ಲವಂತಲ್ಲ. ನೀನು ಹೇಳಿದ್ದು ನಮ್ಮಂಗಡಿ ಸಮಾಚಾರ. ಸೀರಿಯಲ್ಲಿನ ದ್ರೋಹಿ ಯಾರು, ಅದನ್ನ ಹೇಳು.”

ಚಾನೆಲಣ್ಣ ಮಡಿಲಿನ ರಾಶಿಯನ್ನೊಮ್ಮೆ ನೋಡಿದ. ಕೊನೆಗೆ ಸೂಜಿಗೆ ದಾರ ಪೋಣಿಸತೊಡಗಿದ.

ಎದುರಂಗಡಿಯಿಂದ ನಗೆ ಕೇಳಿಸಿತು. ಮೂವರೂ ತಲೆಯೆತ್ತಿದರು. ಗಾಜಿನಾಚೆ ಮೌನಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಎರಡೂ ಕೈ ಬೀಸಿ ಏನೋ ಹೇಳುತ್ತಿದ್ದಾನೆ. ಅಲ್ಲಿಯ ದರ್ಜಿಗಳು ಸೂಜಿ ಮರೆತು ಬಾಯಿ ಬಿಟ್ಟುಕೊಂಡಿದ್ದಾರೆ. ಬ್ಯಾಂಡ್ ಮಾಸ್ಟರು ಮೆಲ್ಲನೆದ್ದು “ಈಗ ಬಂದೆ” ಎಂದು ಆ ಕಡೆಗೇ ನಡೆದುಬಿಟ್ಟ.

“ಕೊನೆ ಕಂತೇ ಹೇಳ್ತಿರೋದು!” ಯಜಮಾನರು ಒದ್ದಾಡಿದರು. ತಾವೇ ಹೊರಗೆ ಹಾಕಿದವನ ಮುಂದೆ ಹೋಗಿ ನಿಲ್ಲುವುದು ಹೇಗೆ? ಅತ್ತಿತ್ತ ನೋಡಿ ಚಾನೆಲಣ್ಣನ ಕಿವಿಗೆ ಬಾಗಿದರು.

“ನೋಡು, ಅವರ ಹಿಂದಿನ ಕಿಟಕಿ ಕೆಳಗೆ ಹೋಗಿ ಬಗ್ಗಿ ಕೂತ್ಕೊ. ದ್ರೋಹಿ ಯಾರು ಅಂತ ಪೂರ್ತಿ ಕೇಳ್ಕೊಂಡು ಬಾ. ಸಿಕ್ಕಿಬಿದ್ರೆ ನೀನ್ಯಾರೋ ನಾನ್ಯಾರೋ.”

ಚಾನೆಲಣ್ಣನಿಗೆ ಹೋದ ಜೀವ ಬಂದಂತಾಯಿತು. ಮಡಿಲಿನ ರಾಶಿಯನ್ನು ಬದಿಗೆ ಸರಿಸಿ ಎದ್ದ.

“ಅದನ್ಯಾಕೆ ಇಡ್ತೀಯಾ?” ಎಂದರು ಯಜಮಾನರು. “ಕೋಟು, ಸೂಜಿ ಎಲ್ಲ ತಗೊಂಡೇ ಹೋಗು. ಕೇಳೋ ಕೆಲಸ ಕಿವೀದು. ಕೈಗೇನು ರಜಾನಾ?”